‘ಶಾರ್ಕ್ ಅಲ್ಲ’ ಅಂತ ಹೇಳಿ ಕೆಟ್ಟೆ

ಮೊನ್ನೆ ನಮ್ಮ ಆಫೀಸಿಗೆ ಒಂದು ಸರ್ಕ್ಯುಲರ್ ಬಂತು. ವಾಟ್ಸಾಪ್ ಫೋಟೋ ನೋಡಿ ಯಾರೂ ಮೀನಿನ ಜಾತಿ ಹೇಳಕೂಡದಂತೆ. ಅದರಲ್ಲಿ ಯಾರ ಹೆಸರೂ ಇರಲಿಲ್ಲ, ಆದರೆ ಕ್ಯಾಂಟೀನಿನಲ್ಲಿ ಎಲ್ಲರೂ ನನ್ನ ಮುಖ ನೋಡಿ ನಕ್ಕರು. ನಗಲಿ ಬಿಡಿ. ಸರ್ಕ್ಯುಲರ್ ಬರೆದವರಿಗೆ ಅವತ್ತು ಏನಾಯಿತು ಅನ್ನೋದೇ ಅರ್ಥವಾಗಿಲ್ಲ ಅನ್ನೋದು ನನ್ನ ಸಂಕಟ. ಫೋಟೋ ನೋಡಿ ನಾನು ಹೇಳಿದ್ದು ಸರಿಯಾಗಿಯೇ ಇತ್ತು. ಎಡವಟ್ಟಾಗಿದ್ದು ಅದರಿಂದಲೇ.

ನನ್ನ ಕೆಲಸ ಮೀನು ಗುರುತಿಸುವುದು. ಬೆಳಗಿನ ಜಾವ ಧಕ್ಕೆಗೆ ಹೋಗಿ, ಬೋಟು ಖಾಲಿ ಮಾಡುವಾಗ ಜಾತಿ, ಉದ್ದ, ಗಂಡೋ ಹೆಣ್ಣೋ ಬರೆದುಕೊಳ್ಳುವುದು. ಅಲ್ಲಿ ಕಷ್ಟವಿಲ್ಲ. 2013ರ ನಿಯಮದ ಪ್ರಕಾರ ಶಾರ್ಕ್ ದಡಕ್ಕೆ ಬರುವಾಗ ರೆಕ್ಕೆಗಳು ಮೈಗೆ ಅಂಟಿಕೊಂಡೇ ಇರಬೇಕು. ಇಡೀ ಮೀನು ಕಣ್ಣೆದುರಿಗಿದ್ದರೆ ಬೆನ್ನ ಮೇಲೆ ಎರಡು ರೆಕ್ಕೆ, ಎದೆಯ ಬದಿಗಳಲ್ಲಿ ಒಂದು ಜೋಡಿ, ಹೊಟ್ಟೆಯಡಿ ಇನ್ನೊಂದು ಜೋಡಿ, ಬಾಲ, ಎಲ್ಲ ನೋಡಿ ಏಲಂ ಶುರುವಾಗೋದರೊಳಗೆ ಮುಗಿಸಬಹುದು. ಗಂಡಾದರೆ ಹೊಟ್ಟೆಯಡಿಯ ರೆಕ್ಕೆಗಳ ಒಳಬದಿಯಲ್ಲಿ ಎರಡು ಕ್ಲಾಸ್ಪರ್, ಅಂದರೆ ಕೂಡುವುದಕ್ಕೆ ಬಳಸುವ ಅಂಗಗಳು, ಇರುತ್ತವೆ, ಅದನ್ನು ಹೊಸಬರೂ ಹೇಳುತ್ತಾರೆ. ತಲೆನೋವು ಬರುವುದು ರೆಕ್ಕೆ ಒಂದೇ ಬಂದಾಗ. ಅದೂ ಉಪ್ಪು ಹಾಕಿ ಒಣಗಿಸಿ, ಮುರುಟಿ, ಬಣ್ಣ ಹೋಗಿ, ಒಣಮೀನು ಅಂತ ಬಿಲ್ ಬರೆದ ಕಾರ್ಟನ್‌ನಲ್ಲಿ.

ಅವತ್ತು ಬಂದಿದ್ದು ಅಂಥದೇ. ಗೋಡೌನ್‌ನಲ್ಲಿ ರಫ್ತು ಮಾಲು ತಪಾಸಣೆ ಮಾಡುತ್ತಿದ್ದ ಆಫೀಸರ್ ಕಳಿಸಿದ ಒಂದು ಫೋಟೋ, ಕೆಳಗೆ ಒಂದೇ ಸಾಲು: ‘ಮೇಡಂ, ಶಾರ್ಕಾ ಅಲ್ವಾ? ಅರ್ಜೆಂಟ್.’

ಝೂಮ್ ಮಾಡಿದೆ. ಮಾಸಲು ಬಿಳಿ ರೆಕ್ಕೆಗಳು. ಮೈ ಮೇಲೆ ಸ್ವಲ್ಪ ಹೊಳಪು. ಎಲ್ಲ ಹೆಚ್ಚು ಕಡಿಮೆ ಒಂದೇ ಅಳತೆ, ಒಂದೇ ಆಕಾರ. ಇದು ಮುಖ್ಯ, ಯಾಕಂದರೆ ಬಹಳಷ್ಟು ಶಾರ್ಕ್‌ಗಳಿಗೆ ಬೆನ್ನಿನ ಮೊದಲ ರೆಕ್ಕೆ ದೊಡ್ಡದು, ಎರಡನೆಯದು ತೀರಾ ಚಿಕ್ಕದು. ಎರಡೂ ಒಂದೇ ಅಳತೆಗೆ ಹತ್ತಿರವಿದ್ದರೆ ವೆಜ್‌ಫಿಶ್ ನೆನಪಾಗಬೇಕು. ಅದರ ಬಾಲ, ಬೆನ್ನು ನೋಡಿದರೆ ಶಾರ್ಕೇ. ಮುಂಭಾಗ ಮಾತ್ರ ಚಪ್ಪಟೆ, ಕಿವಿರಿನ ಸೀಳುಗಳು ಅಡಿಯಲ್ಲಿ. ಲೆಕ್ಕದಲ್ಲಿ ಅದು ನಮ್ಮ ತೊರಕೆಯ, ಅಂದರೆ ರೇ ಮೀನಿನ ಬಳಗ.

‘ಶಾರ್ಕ್ ಅಲ್ಲ. ತೊರಕೆ ಕಡೆಯದು’ ಅಂತ ಟೈಪ್ ಮಾಡಿ ಕಳಿಸಿದೆ. ಒಂದು ಥಂಬ್ಸ್ ಅಪ್ ಬಂತು. ಒಣಗಿದ ರೆಕ್ಕೆಯನ್ನು ಫೋಟೋದಲ್ಲೇ ಹಿಡಿದುಬಿಟ್ಟೆ ಅಂತ ಒಳಗೊಳಗೇ ಖುಷಿಪಟ್ಟೆ. ಸಹಿ ಹಾಕಲು ಹೇಗೂ ಹೋಗಲೇಬೇಕಿತ್ತು, ಆರಾಮಾಗಿ ಚಹಾ ಕುಡಿದೇ ಹೊರಟೆ.

ಗೋಡೌನ್ ಮುಟ್ಟಿದಾಗ ಲೋಡಿಂಗಿನವರು ಕಾರ್ಟನ್‌ಗಳಿಗೆ ವಾಪಸ್ ಟೇಪ್ ಸುತ್ತುತ್ತಿದ್ದರು. ಹೊರಗೆ ಲಾರಿ ಎಂಜಿನ್ ಆನ್. ಮಾಲು ಕಳಿಸುವ ಪಾರ್ಟಿಯ ಕಡೆಯವನು ಫೋನಿನಲ್ಲಿ ಯಾರಿಗೋ ‘ಆಯ್ತು ಆಯ್ತು, ಕ್ಲಿಯರ್ ಆಯ್ತು’ ಅನ್ನುತ್ತಿದ್ದ. ಆಫೀಸರ್ ಫಾರಂ ಮುಂದಿಟ್ಟರು. ಅದರಲ್ಲಿ ಎರಡೇ ಚೌಕ: ‘ಶಾರ್ಕ್’, ‘ಶಾರ್ಕ್ ಅಲ್ಲ’. ಎರಡನೆಯದಕ್ಕೆ ಟಿಕ್ ಆಗಲೇ ಬಿದ್ದಿತ್ತು.

‘ಇದನ್ನು ಬಿಡ್ತಿದ್ದೀರಾ ಸರ್?’

‘ನೀವೇ ಹೇಳಿದ್ದಲ್ವಾ ಮೇಡಂ, ಶಾರ್ಕ್ ಅಲ್ಲ ಅಂತ. ಬ್ಯಾನ್ ಇರುವುದು ಶಾರ್ಕ್ ಫಿನ್‌ಗೆ.’

ಅವರ ಮಾತಿನಲ್ಲಿ ತಪ್ಪಿರಲಿಲ್ಲ. 2015ರ ಫೆಬ್ರವರಿಯಿಂದ ಯಾವ ಜಾತಿಯ ಶಾರ್ಕ್ ರೆಕ್ಕೆಯೂ ನಮ್ಮ ದೇಶದಿಂದ ಹೊರಗೆ ಹೋಗುವಂತಿಲ್ಲ. ಅವರ ಚೌಕ ಹುಟ್ಟಿದ್ದು ಆ ಆದೇಶದಿಂದ. ಆದರೆ ವೆಜ್‌ಫಿಶ್ ಕಥೆ ಅದಕ್ಕಿಂತ ಹಳೆಯದು. ಜೈಂಟ್ ಗಿಟಾರ್‌ಫಿಶ್ ಅನ್ನುವ ಹೆಸರಿನಲ್ಲಿ ಅದರ ಒಂದು ಜಾತಿ 2001ರಲ್ಲೇ ವನ್ಯಜೀವಿ ಕಾಯ್ದೆಯ ಒಂದನೇ ಶೆಡ್ಯೂಲಿಗೆ ಸೇರಿದೆ. ಹುಲಿ ಇರುವ ಶೆಡ್ಯೂಲ್ ಅದು. 2019ರಲ್ಲಿ ವನ್ಯಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಗೆ ವೆಜ್‌ಫಿಶ್ ಕುಟುಂಬವೇ ಸೇರಿತು. ಶಾರ್ಕ್ ಆಗಿದ್ದರೆ ಲಾರಿ ತಾನಾಗೇ ನಿಲ್ಲುತ್ತಿತ್ತು. ಶಾರ್ಕ್ ಅಲ್ಲ ಅಂದಿದ್ದರಿಂದ, ಅದಕ್ಕಿಂತ ಗಂಭೀರವಾದ ಮಾಲು ಗೇಟಿನವರೆಗೆ ಹೋಗಿತ್ತು.

ನಮ್ಮ ಸೀನಿಯರ್‌ಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಬಿಜಿ. ಪಾರ್ಟಿಯವನು ಗಡಿಯಾರ ನೋಡುತ್ತಾ, ‘ಎಂಥ ಮಾರಾಯ್ರೇ, ಒಮ್ಮೆ ಹೌದು, ಒಮ್ಮೆ ಅಲ್ಲ. ಕಟ್‌ಆಫ್ ಮಿಸ್ ಆದರೆ ಯಾರು ಕೊಡ್ತಾರೆ?’ ಅಂದ. ಅವನಿಗೆ ಕೊಡಲು ನನ್ನ ಹತ್ತಿರ ಉತ್ತರವಿರಲಿಲ್ಲ. ಕೈ ನಡುಗುತ್ತಿತ್ತು. ಟೇಪ್ ಕಿತ್ತು, ಒಂದು ರೆಕ್ಕೆ ತೆಗೆದು ಬೆಳಕಿಗೆ ಹಿಡಿದೆ.

ಮೊದಲು ಎರಡೂ ಮುಖ ನೋಡಬೇಕು. ಎದೆಯ ರೆಕ್ಕೆಯಾದರೆ ಮೇಲೆ ಗಾಢ, ಕೆಳಗೆ ತಿಳಿ ಬಣ್ಣ. ಇದರ ಎರಡೂ ಬದಿ ಒಂದೇ ಬಣ್ಣ, ಅಂದರೆ ಬೆನ್ನಿನದು ಇರಬೇಕು, ಇಲ್ಲವೇ ಬಾಲದ ಕೆಳಭಾಗ. ಆಮೇಲೆ ಕತ್ತರಿಸಿದ ಬುಡ. ಬಾಲದ ಕೆಳಭಾಗವಾದರೆ ಅಲ್ಲಿ ಹಳದಿ ಸ್ಪಂಜಿನಂಥ ತಿರುಳು ಕಾಣುತ್ತದೆ. ಶಾರ್ಕ್‌ನ ಬೆನ್ನಿನ ರೆಕ್ಕೆಯಾದರೆ ಮೃದ್ವಸ್ಥಿಯ ಬಿಲ್ಲೆಗಳು ಬುಡದ ಉದ್ದಕ್ಕೂ ಒತ್ತಾಗಿ ಸಾಲುಗಟ್ಟಿರುತ್ತವೆ. ಇದರಲ್ಲಿ ಸಾಲು ಅರ್ಧದಲ್ಲೇ ನಿಂತಿತ್ತು. ಮತ್ತೊಂದು ತೆಗೆದೆ, ಅದೂ ಹಾಗೇ. ವೆಜ್‌ಫಿಶ್ಶೇ. ಜಾತಿ ಯಾವುದು ಅಂತ ಡಿಎನ್‌ಎ ಇಲ್ಲದೆ ಹೇಳೋಕಾಗಲ್ಲ, ಆದರೆ ಮಾಲು ತಡೆಯೋಕೆ ಅಷ್ಟು ಸಾಕು.

‘ಸರ್, ಶಾರ್ಕ್ ಅಲ್ಲ. ಆದರೂ ಹೋಗೋ ಹಾಗಿಲ್ಲ’ ಅಂದೆ. ಅವರು ಫಾರಂ ನೋಡಿದರು, ನನ್ನನ್ನು ನೋಡಿದರು. ‘ಹಾಗಾದರೆ ಟಿಕ್ ಎಲ್ಲಿ ಹಾಕೋದು?’ ಅಂತ ಕೇಳಿದರು. ತಮಾಷೆಗೆ ಕೇಳಿದ್ದಲ್ಲ. ಕೊನೆಗೆ ಬಿಳಿ ಹಾಳೆಯಲ್ಲಿ ನಾನೇ ಬರೆದು ಸಹಿ ಹಾಕಿದೆ, ಅವರು ಅರಣ್ಯ ಇಲಾಖೆಗೆ ಫೋನ್ ಮಾಡಿದರು, ಸ್ಯಾಂಪಲ್ ಸೀಲ್ ಆಯಿತು. ಲಾರಿಯವನು ಎಂಜಿನ್ ಆಫ್ ಮಾಡಿದಾಗ ನನಗೆ ಉಸಿರು ಬಂತು.

ಇಷ್ಟೆಲ್ಲ ರಾದ್ಧಾಂತ ಯಾತಕ್ಕೆ ಅಂದರೆ, ರೆಕ್ಕೆಯ ಒಳಗಿರುವ ಕೂದಲೆಳೆಯಂಥ ತಂತುಗಳಿಗೆ. ಸೂಪಿನಲ್ಲಿ ಶ್ಯಾವಿಗೆ ಥರ ತೇಲುವುದು ಅವೇ. ಅವುಗಳಿಗೆ ರುಚಿ ಅಂತ ಏನಿಲ್ಲ, ರುಚಿ ಬರುವುದು ಕೋಳಿ ಸಾರಿನಿಂದ. ಹಾಂಗ್‌ಕಾಂಗ್ ಮಾರುಕಟ್ಟೆಯಲ್ಲಿ ತುಂಬಾ ದುಬಾರಿ ರೆಕ್ಕೆಗಳಲ್ಲಿ ವೆಜ್‌ಫಿಶ್‌ದೂ ಒಂದು. ನಮ್ಮ ಟ್ರಾಲ್ ಬೋಟಿನವರು ಇದನ್ನು ಹುಡುಕಿಕೊಂಡು ಹೋಗುವುದಿಲ್ಲ, ಅವರಿಗೆ ಬೇಕಾದ್ದು ಸಿಗಡಿ, ಬೊಂಡಾಸ್ (ಸ್ಕ್ವಿಡ್). ಆದರೆ ಬಲೆ ಮರಳಿನ ತಳವನ್ನೇ ಗುಡಿಸಿಕೊಂಡು ಬರುತ್ತದೆ, ವೆಜ್‌ಫಿಶ್ ಮಲಗಿರುವುದೂ ಅದೇ ಮರಳಿನಲ್ಲಿ. ಬಂಗುಡೆಯಂತೆ ಸಾವಿರಗಟ್ಟಲೆ ಮೊಟ್ಟೆ ಇಡುವ ಮೀನಲ್ಲ, ಕೆಲವೇ ಮರಿ ಹಾಕುತ್ತದೆ. 2019ರಲ್ಲಿ ಅಳಿವಿನ ಅಪಾಯ ಅಳೆಯುವ ಅಂತಾರಾಷ್ಟ್ರೀಯ ಸಂಸ್ಥೆ ಐಯುಸಿಎನ್ ವೆಜ್‌ಫಿಶ್ ಮತ್ತು ಜೈಂಟ್ ಗಿಟಾರ್‌ಫಿಶ್ ಕುಟುಂಬಗಳ 16 ಜಾತಿ ಪರಿಶೀಲಿಸಿತು. 15 ಜಾತಿ ಅಳಿವಿನ ಅಂಚಿಗೆ ಬಂದಿವೆ. ಬೋಟು ನಡೆಸುವ ತಾಂಡೇಲನನ್ನು ಬೈದು ಪ್ರಯೋಜನವಿಲ್ಲ. ಬಲೆಗೆ ಬಿದ್ದದ್ದನ್ನು ಕಾರ್ಟನ್‌ಗೆ ತುಂಬಿಸಿ, ಬಿಲ್ ಬದಲಿಸಿ ಸಾಗಿಸುವವನು ಬೇರೆ ಇದ್ದಾನೆ.

ನನ್ನ ಲೆಕ್ಕದಲ್ಲಿ ಪಾಠ ಇಷ್ಟೇ: ಕೇಳಿದವರು ಮೀನಿನ ಹೆಸರು ಕೇಳುತ್ತಿಲ್ಲ, ಬಿಡಬಹುದಾ ಅಂತ ಕೇಳುತ್ತಿದ್ದಾರೆ. ನಾನು ಉತ್ತರ ಕೊಟ್ಟಿದ್ದು ಪರೀಕ್ಷೆಯ ಪ್ರಶ್ನೆಗೆ. ಸರ್ಕ್ಯುಲರ್ ಹೊರಡಿಸಿದವರು ಫೋಟೋ ನಿಲ್ಲಿಸಿದರು, ಫಾರಂ ಮುಟ್ಟಲಿಲ್ಲ. ಮೂರನೇ ಚೌಕ ಹಾಕಿ ಅಂತ ಬರೆದು ಕಳಿಸಿದರೆ, ಫಾರ್ಮ್ಯಾಟ್ ಮೇಲಿಂದ ಬಂದಿದೆ ಅಂತ ಉತ್ತರ ಬಂತು. ಮೂರನೇ ಚೌಕ ಬರುವವರೆಗೆ ಷರಾ ಕಾಲಂ ಒಂದೇ ದಿಕ್ಕು. ಪ್ರಿಂಟ್ ಕೊಟ್ಟಾಗ ಸಾಫ್ಟ್‌ವೇರ್ ಅದರ ಎರಡನೇ ಸಾಲು ನುಂಗಿಬಿಡುತ್ತದೆ. ಹಾಗಾಗಿ ಈಗ ‘ತಡೆಹಿಡಿಯಿರಿ’ ಅಂತ ಮೊದಲು ಬರೆಯುತ್ತೇನೆ, ಮೀನಿನ ಹೆಸರು ಆಮೇಲೆ.