ಅಪ್ಪನ ಕಾಲ್ಬೆರಳು ನೀಲಿಯಾದಾಗ

ಮೊದಲು ನೋಡಿದ್ದು ಅಮ್ಮ. ಸ್ನಾನ ಮಾಡಿ ಬಂದ ಅಪ್ಪನ ಕಾಲು ಒರೆಸುತ್ತಾ, "ಇದೇನ್ರೀ, ಬೆರಳು ಹೀಗೆ ನೀಲಿಗಟ್ಟಿದೆ?" ಅಂದರು. ಎಡಗಾಲಿನ ಹೆಬ್ಬೆರಳು, ಪಕ್ಕದ ಎರಡು ಬೆರಳು. ಮುಟ್ಟಿದರೆ ಅಪ್ಪ ಕಾಲು ಎಳೆದುಕೊಳ್ಳುತ್ತಿದ್ದರು. ಪಾದದ ಮೇಲೆಲ್ಲಾ ಕೆಂಪು, ನೀಲಿ ಗೆರೆಗಳು ಹೆಣೆದುಕೊಂಡಿದ್ದವು.

ತೊಡೆಸಂದಿನ ರಕ್ತನಾಳದ ಮೂಲಕ ಆಂಜಿಯೋಗ್ರಾಮ್ ಮಾಡಿ, ಹೃದಯಕ್ಕೆ ಸ್ಟೆಂಟ್ ಹಾಕಿ ಕೆಲವೇ ವಾರಗಳಾಗಿದ್ದವು. ಎದೆನೋವು ಹೋಗಿತ್ತು. ಆದರೆ ಊಟ ಸೇರುತ್ತಿರಲಿಲ್ಲ, ಸುಸ್ತು ಜಾಸ್ತಿ. ರಕ್ತ ಪರೀಕ್ಷೆ ಮಾಡಿಸಿದರೆ, ಮನೆಗೆ ಬರುವಾಗ 1.4 ಇದ್ದ ಕ್ರಿಯಾಟಿನಿನ್ (ಕಿಡ್ನಿ ಕೆಲಸ ಕುಗ್ಗಿದಷ್ಟೂ ರಕ್ತದಲ್ಲಿ ಏರುವ ಅಂಶ) 3.8 ಆಗಿತ್ತು.

ಆಂಜಿಯೋಗ್ರಾಮ್‌ಗೆ ರಕ್ತನಾಳ ಎಕ್ಸ್‌-ರೇಯಲ್ಲಿ ಕಾಣಲಿ ಅಂತ ಹಾಕಿದ ಡೈಯಿಂದ ಇರಬೇಕು ಅಂದುಕೊಂಡೆವು. ಕಿಡ್ನಿ ಡಾಕ್ಟರ್ ಒಪ್ಪಲಿಲ್ಲ. ಡೈಯಿಂದ ಆದರೆ ಎರಡು ಮೂರು ದಿನದಲ್ಲೇ ಏರುತ್ತದೆ, ಸಾಮಾನ್ಯವಾಗಿ ವಾರ ಹತ್ತು ದಿನದಲ್ಲಿ ಇಳಿಯುತ್ತದೆ. ಇದು ವಾರಗಟ್ಟಲೆ ಮೆಲ್ಲಗೆ ಏರುತ್ತಲೇ ಇದೆ ಅಂದರು. ಆಮೇಲೆ ಅಪ್ಪನ ಪಾದದ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತರು. "ನಾಡಿ ಚೆನ್ನಾಗೇ ಸಿಗ್ತಿದೆ, ಯಜಮಾನ್ರೇ. ಕಾಲಿನ ದೊಡ್ಡ ರಕ್ತನಾಳ ಸರಿಯಾಗಿದೆ. ಮುಚ್ಚಿಕೊಂಡಿರೋದು ಸಣ್ಣಸಣ್ಣವು."

ಅಪ್ಪನಿಗೆ ಬಿಪಿ, ಶುಗರ್ ಎರಡೂ ಇತ್ತು. ಬೀಡಿ ಬಿಟ್ಟಿದ್ದು ಮೊನ್ನೆಮೊನ್ನೆ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಮಹಾಪಧಮನಿಯ ಒಳಗೋಡೆಗೆ ವರ್ಷಗಟ್ಟಲೆ ಕೊಬ್ಬು ಕಟ್ಟಿ ಗಟ್ಟಿಯಾಗಿತ್ತು. ಆಂಜಿಯೋಗ್ರಾಮ್ ಮಾಡುವಾಗ ಒಳಗೆ ತೂರಿಸಿದ ಸಣ್ಣ ಕೊಳವೆ (ಕ್ಯಾತಿಟರ್) ತಾಗಿ ಅದು ಹಳೇ ಗೋಡೆಯ ಗಾರೆಯ ಹಾಗೆ ಉದುರಿದೆ. ಅದರೊಳಗಿದ್ದ ಕೊಲೆಸ್ಟ್ರಾಲ್ ಹರಳುಗಳು ರಕ್ತದ ಜೊತೆ ಹೋಗಿ ಕಿಡ್ನಿಯಲ್ಲಿ, ಕಾಲ್ಬೆರಳಲ್ಲಿ ಸಿಕ್ಕಿಕೊಂಡಿವೆ. ಇದಕ್ಕೆ ಕೊಲೆಸ್ಟ್ರಾಲ್ ಎಂಬೋಲಿಸಂ ಅಂತಾರೆ.

ಹೊಸ ಸ್ಟೆಂಟ್ ಇರುವಾಗ ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸುವ ಹಾಗಿಲ್ಲ, ಹಾಗಾಗಿ ಕಿಡ್ನಿ ಬಯಾಪ್ಸಿ, ಅಂದರೆ ಪರೀಕ್ಷೆಗೆ ಕಿಡ್ನಿಯ ಚೂರು ತೆಗೆದರೆ, ರಕ್ತಸ್ರಾವದ ಅಪಾಯ. ಪಾದದ ಚರ್ಮದ ಚೂರನ್ನೇ ಕಳಿಸಿದರು. ರಕ್ತನಾಳದಲ್ಲಿ ಸೂಜಿಯಾಕಾರದ ಖಾಲಿ ಜಾಗಗಳಿವೆ ಅಂತ ರಿಪೋರ್ಟ್ ಬಂತು. ಲ್ಯಾಬಿನಲ್ಲಿ ಹರಳು ಕರಗಿಹೋಗಿ, ಅದು ಕೂತಿದ್ದ ಜಾಗ ಮಾತ್ರ ಉಳಿಯುತ್ತದಂತೆ.

ಆ ಹರಳು ಕರಗಿಸುವ ಔಷಧಿ ಇಲ್ಲ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ, ಬಿಪಿ ಹತೋಟಿ, ಕೆಲವು ಕಾಲ ಡಯಾಲಿಸಿಸ್. ಸ್ಟೆಂಟ್ ಹಾಕಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ, ಅಪ್ಪ ಉಳಿದದ್ದೇ ಅದರಿಂದ. ಆದರೆ ಡಿಸ್ಚಾರ್ಜ್ ಮಾಡುವಾಗ, ಕಾಲ್ಬೆರಳು ನೋಡ್ತಾ ಇರಿ, ಕೆಲವು ವಾರ ಬಿಟ್ಟು ಕ್ರಿಯಾಟಿನಿನ್ ಇನ್ನೊಮ್ಮೆ ಮಾಡಿಸಿ ಅಂತ ಒಂದು ಮಾತು ಹೇಳಬಹುದಿತ್ತು ಅಲ್ವಾ? ಅದಕ್ಕೆ ಖರ್ಚೇನೂ ಇಲ್ಲ.

ಈಗ ಡಯಾಲಿಸಿಸ್ ನಿಂತಿದೆ. ಕ್ರಿಯಾಟಿನಿನ್ 2.6ರ ಆಸುಪಾಸಿನಲ್ಲಿ ನಿಂತಿದೆ. ಒಂದು ಬೆರಳಿನ ತುದಿ ಕಪ್ಪಾಗಿಯೇ ಉಳಿಯಿತು. ಮತ್ತೆ ಆಂಜಿಯೋಗ್ರಾಮ್ ಬೇಕು ಅಂದರೆ ಮೊದಲು ಕಿಡ್ನಿ ಡಾಕ್ಟರನ್ನು ಕೇಳಬೇಕು ಅಂತ ಅಪ್ಪನ ಫೈಲಿನ ಮೇಲೆ ದೊಡ್ಡದಾಗಿ ಬರೆದಿಟ್ಟಿದ್ದೇನೆ.