ವಾರ್ಡಿಗೆ ಹೋಗುವ ಮುನ್ನ ಕೈಗೆ ಕೂರಬೇಕಾದ ಲೆಕ್ಕ

ನರ್ಸಿಂಗ್ ಓದಲು ಸೇರುವವರು ಮೊದಲು ಹೆದರುವುದು ರಕ್ತಕ್ಕೆ. ಕೆಲವು ವಾರ ವಾರ್ಡಿನಲ್ಲಿ ಓಡಾಡಿದರೆ ಬಹಳ ಜನರಿಗೆ ಆ ಹೆದರಿಕೆ ತಾನಾಗಿಯೇ ಬಿಟ್ಟುಹೋಗುತ್ತದೆ. ತಾನಾಗಿ ಹೋಗದ್ದು ಲೆಕ್ಕದ ಹೆದರಿಕೆ. ಅಂಗರಚನೆ, ಶರೀರಕ್ರಿಯೆಗಳನ್ನು ರಾತ್ರಿಯೆಲ್ಲ ಕೂತು ಉರು ಹೊಡೆಯಬಹುದು. ಔಷಧದ ಪ್ರಮಾಣವನ್ನು ಉರು ಹೊಡೆಯಲು ಬರುವುದಿಲ್ಲ. ದಿನಕ್ಕೆ ಐದು ಲೆಕ್ಕದಂತೆ ಮೊದಲ ವರ್ಷದಿಂದಲೇ ಕೈಯಲ್ಲಿ ಮಾಡಿ.

ಸೂತ್ರ ಒಂದೇ. ಬೇಕಾದ ಪ್ರಮಾಣವನ್ನು ಇರುವ ಪ್ರಮಾಣದಿಂದ ಭಾಗಿಸಿ, ಅದು ಎಷ್ಟು ಮಿಲಿಲೀಟರಿನಲ್ಲಿ ಇದೆಯೋ ಅದರಿಂದ ಗುಣಿಸುವುದು. 2 ಮಿಲೀ ಆಂಪೂಲಿನಲ್ಲಿ (ಔಷಧದ ಪುಟ್ಟ ಗಾಜಿನ ಸೀಸೆ) 80 ಮಿಲಿಗ್ರಾಂ ಜೆಂಟಾಮೈಸಿನ್ ಎಂಬ ಔಷಧ ಇದೆ, ಕೊಡಬೇಕಾದ್ದು 60 ಮಿಲಿಗ್ರಾಂ ಎಂದುಕೊಳ್ಳಿ. 60 ಭಾಗ 80, ಅದಕ್ಕೆ 2ರ ಗುಣಾಕಾರ: 1.5 ಮಿಲೀ. ಆದರೆ ಪೆನ್ನು ಹಿಡಿಯುವ ಮೊದಲೇ ಅಂದಾಜು ಮಾಡಬೇಕು: 60 ಎಂಬುದು 80ಕ್ಕಿಂತ ಕಡಿಮೆ, ಹಾಗಾಗಿ ಉತ್ತರ 2 ಮಿಲೀಗಿಂತ ಕಡಿಮೆ ಬರಲೇಬೇಕು. 2.7 ಬಂದಿದ್ದರೆ ಸಂಖ್ಯೆಗಳನ್ನು ತಿರುಗಾಮುರುಗಾ ಹಾಕಿದ್ದೀರಿ. ಈ ಅಂದಾಜಿನ ಅಭ್ಯಾಸ ಕ್ಯಾಲ್ಕುಲೇಟರಿಗಿಂತ ದೊಡ್ಡ ಕಾವಲು.

ಮಿಲಿಗ್ರಾಂ ಮತ್ತು ಮೈಕ್ರೋಗ್ರಾಂ ನಡುವೆ ಹೆಚ್ಚು ಜನ ಎಡವುತ್ತಾರೆ. ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಮಾತ್ರೆ 0.25 ಮಿಲಿಗ್ರಾಂ, ಅಂದರೆ 250 ಮೈಕ್ರೋಗ್ರಾಂ. ಆದೇಶ 125 ಮೈಕ್ರೋಗ್ರಾಂ ಇದ್ದರೆ ಅರ್ಧ ಮಾತ್ರೆ. ಯಾರೋ ಗಡಿಬಿಡಿಯಲ್ಲಿ 0.25 ಅಂದರೆ 25 ಮೈಕ್ರೋಗ್ರಾಂ ಎಂದು ಎಣಿಸಿದರೆ ಐದು ಮಾತ್ರೆ ಎಂಬ ಉತ್ತರ ಬರುತ್ತದೆ. ಒಂದು ಡೋಸಿಗೆ ಎರಡು ಮಾತ್ರೆಗಿಂತ ಅಥವಾ ಎರಡು ಆಂಪೂಲಿಗಿಂತ ಹೆಚ್ಚು ಬೇಕೆಂದು ಲೆಕ್ಕ ಹೇಳಿದರೆ ಅಲ್ಲೇ ನಿಂತು ಇನ್ನೊಬ್ಬರಿಗೆ ತೋರಿಸಿ. ಬರೆಯುವಾಗ ದಶಮಾಂಶ ಬಿಂದುವಿನ ಎಡಕ್ಕೆ ಸೊನ್ನೆ ಇರಲಿ, ಕೊನೆಯಲ್ಲಿ ಬೇಡ: .5 ಎಂದು ಬರೆದರೆ 5 ಆಗಿ ಕಾಣುತ್ತದೆ, 5.0 ಎಂದರೆ 50 ಆಗಿ ಕಾಣುತ್ತದೆ.

ಇನ್ಸುಲಿನ್ ವಿಷಯದಲ್ಲಿ ವಯಲ್ (ಔಷಧದ ಸೀಸೆ) ಮತ್ತು ಸಿರಿಂಜಿನ ಗುರುತು ಒಂದೇ ಇರಬೇಕು. ಮಿಲೀಗೆ 100 ಯೂನಿಟ್ ಇರುವ ಇನ್ಸುಲಿನ್ನನ್ನು ಮಿಲೀಗೆ 40 ಯೂನಿಟ್ ಗುರುತಿನ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಒಳಗೆ ಬರುವುದು ಅರ್ಧ ಮಿಲೀ, ಅಂದರೆ 50 ಯೂನಿಟ್. ಎರಡೂವರೆ ಪಟ್ಟು! ರೋಗಿಯ ಸಕ್ಕರೆ ಪಾತಾಳಕ್ಕಿಳಿಯಲು ಅಷ್ಟು ಸಾಕು.

ಡ್ರಿಪ್ಪಿನ ಲೆಕ್ಕ ಸುಲಭ, ಆದರೂ ತಪ್ಪುತ್ತದೆ, ಯಾಕೆಂದರೆ ಸೆಟ್ಟಿನ (ಹನಿ ಬಿಡುವ ಕೊಳವೆಯ) ಪೊಟ್ಟಣವನ್ನು ಯಾರೂ ಓದುವುದಿಲ್ಲ. 500 ಮಿಲೀ ದ್ರವ 4 ಗಂಟೆಯಲ್ಲಿ ಹೋಗಬೇಕು, ಸೆಟ್ಟು ಮಿಲೀಗೆ 20 ಹನಿಯದು: 500 ಗುಣಿಸು 20, ಭಾಗ 240 ನಿಮಿಷ, ನಿಮಿಷಕ್ಕೆ ಸುಮಾರು 42 ಹನಿ. 15 ಸೆಕೆಂಡಿಗೆ ಹತ್ತು ಹನ್ನೊಂದು. ಅದೇ 42 ಹನಿಯನ್ನು ಮಿಲೀಗೆ 15 ಹನಿಯ ಸೆಟ್ಟಿನಲ್ಲಿ ಬಿಟ್ಟರೆ ಬಾಟಲಿ ಮೂರು ಗಂಟೆಯಲ್ಲೇ ಖಾಲಿ. 60 ಹನಿಯ ಸೆಟ್ಟಿನಲ್ಲಿ ಲೆಕ್ಕವೇ ಬೇಡ. ಗಂಟೆಗೆ ಎಷ್ಟು ಮಿಲೀಯೋ ನಿಮಿಷಕ್ಕೆ ಅಷ್ಟೇ ಹನಿ. ಸರಿಮಾಡಿ ಬಂದ ಮೇಲೂ ಮತ್ತೆ ಹೋಗಿ ನೋಡಬೇಕು. ರೋಗಿ ಮೊಣಕೈ ಮಡಚಿದರೆ, ಮಂಚ ಎತ್ತಿದರೆ ವೇಗ ಬದಲಾಗುತ್ತದೆ.

ಇನ್ನು ಎಣಿಕೆ. ಚಾರ್ಟಿನಲ್ಲಿ ಅತಿ ಹೆಚ್ಚು ಸುಳ್ಳು ಹೇಳುವ ಅಂಕಿ ಉಸಿರಾಟದ್ದು ಎಂಬುದು ವಾರ್ಡು ಬಲ್ಲವರಿಗೆಲ್ಲ ಗೊತ್ತು. ಇಡೀ ಸಾಲಿಗೆ 18 ಅಥವಾ 20 ಎಂದು ಬರೆದಿದ್ದರೆ ಯಾರೂ ಎಣಿಸಿಲ್ಲ ಎಂದರ್ಥ. ವಯಸ್ಕರಲ್ಲಿ ನಿಮಿಷಕ್ಕೆ 12ರಿಂದ 20 ಸಾಮಾನ್ಯ. ನಾಡಿ ನೋಡಿದ ಮೇಲೆ ಬೆರಳನ್ನು ಮಣಿಕಟ್ಟಿನಲ್ಲೇ ಬಿಟ್ಟು ಎದೆಯ ಏರಿಳಿತ ನೋಡಿ. ಎಣಿಸುತ್ತಿದ್ದೇನೆ ಎಂದು ಹೇಳಿದರೆ ರೋಗಿ ಉಸಿರಾಡುವ ಬಗೆಯೇ ಬದಲಾಗುತ್ತದೆ. ಪೂರ್ತಿ 60 ಸೆಕೆಂಡು ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಉಸಿರಿನ ತಪ್ಪು ನಾಲ್ಕಾಗುತ್ತದೆ. ಇಷ್ಟು ಹಟ ಯಾಕೆಂದರೆ, ರೋಗಿ ಹದಗೆಡುವಾಗ ಎಷ್ಟೋ ಸಲ ಬಿಪಿ ಇಳಿಯುವ ಮೊದಲೇ ಉಸಿರು ಏರುತ್ತದೆ. ಎಳೆಯ ದೇಹ ರಕ್ತನಾಳಗಳನ್ನು ಬಿಗಿಮಾಡಿಕೊಂಡು ಬಿಪಿಯನ್ನು ಕೊನೆಯವರೆಗೂ ಎತ್ತಿ ಹಿಡಿಯುತ್ತದೆ.

ಬಿಪಿ ನೋಡುವಾಗ ತೋಳಿಗೆ ಸುತ್ತುವ ಪಟ್ಟಿ (ಕಫ್) ಚಿಕ್ಕದಾದರೆ ಅಂಕಿ ಹೆಚ್ಚು ತೋರಿಸುತ್ತದೆ. ಒಳಗಿನ ಗಾಳಿಚೀಲ ತೋಳಿನ ಸುತ್ತಳತೆಯ 80 ಶೇಕಡಾದಷ್ಟಾದರೂ ಸುತ್ತಬೇಕು. ತೋಳು ಹೃದಯಕ್ಕಿಂತ 10 ಸೆಂಟಿಮೀಟರ್ ಕೆಳಗೆ ಇಳಿಬಿದ್ದಿದ್ದರೆ ಬಿಪಿಗೆ ಸುಮಾರು 8 ಮಿಲಿಮೀಟರ್ (ಪಾದರಸದ ಅಳತೆ) ಸುಳ್ಳೇ ಸೇರುತ್ತದೆ. ಮೊದಲು ನಾಡಿ ಮುಟ್ಟಿಕೊಂಡು ಕಫ್‌ಗೆ ಗಾಳಿ ತುಂಬಿ, ನಾಡಿ ಮಾಯವಾದ ಮೇಲೆ ಇನ್ನೂ 20-30 ಏರಿಸಿ, ಸೆಕೆಂಡಿಗೆ 2ರಂತೆ ನಿಧಾನ ಇಳಿಸಿ.

ಪ್ರಾಯೋಗಿಕ ಪರೀಕ್ಷೆಗೆ ಮೂವರ ಗುಂಪು ಮಾಡಿಕೊಳ್ಳಿ: ಒಬ್ಬರು ನರ್ಸ್, ಒಬ್ಬರು ರೋಗಿ, ಒಬ್ಬರ ಕೈಯಲ್ಲಿ ಚೆಕ್‌ಲಿಸ್ಟ್. ಇಂಜೆಕ್ಷನ್ ಚುಚ್ಚುವುದರಲ್ಲಿ ಅಂಕ ಹೋಗುವುದು ಕಡಿಮೆ. ರೋಗಿಯ ಹೆಸರು ಕೇಳಿ ಪಟ್ಟಿಯೊಡನೆ ತಾಳೆ ನೋಡುವುದನ್ನು, ಕೈ ಉಜ್ಜಿಕೊಳ್ಳುವುದನ್ನು, ಕೊನೆಗೆ ಬರೆದಿಡುವುದನ್ನು ಮರೆತು ಕಳೆದುಕೊಳ್ಳುತ್ತಾರೆ. ಹ್ಯಾಂಡ್‌ರಬ್ (ಕೈಗೆ ಉಜ್ಜುವ ಆಲ್ಕೋಹಾಲ್ ದ್ರಾವಣ) ಆದರೆ 20-30 ಸೆಕೆಂಡು, ಸೋಪು ನೀರಾದರೆ 40-60.

ಡಾಕ್ಟರಿಗೆ ಫೋನ್ ಮಾಡುವುದನ್ನೂ ಅಭ್ಯಾಸ ಮಾಡಬೇಕು, ಅದನ್ನು ಯಾರೂ ಮಾಡುವುದಿಲ್ಲ. "ರೋಗಿ ಯಾಕೋ ಸರಿ ಇಲ್ಲ ಸರ್" ಅಂದರೆ ಆ ಕಡೆಯವರಿಗೆ ಏನೂ ಹತ್ತುವುದಿಲ್ಲ. "ಮೂರನೇ ಬೆಡ್, ನಿನ್ನೆ ಹೊಟ್ಟೆಯ ಆಪರೇಷನ್ ಆದವರು. ಉಸಿರು ಬೆಳಿಗ್ಗೆ 16 ಇತ್ತು, ಈಗ 26. ನಾಡಿ 118. ಎರಡು ಗಂಟೆಯಿಂದ ಮೂತ್ರ 25 ಮಿಲೀ ಮಾತ್ರ. ನೀವು ಈಗಲೇ ಬಂದು ನೋಡಬೇಕು ಸರ್" ಎನ್ನಿ. 60 ಕಿಲೋ ತೂಕದವರಿಗೆ ಗಂಟೆಗೆ 30 ಮಿಲೀ ಆದರೂ ಬರಬೇಕು ಎಂಬ ಲೆಕ್ಕ ನಿಮ್ಮ ತಲೆಯಲ್ಲಿದ್ದರೆ ಮಾತ್ರ ಆ 25 ಭಯ ಹುಟ್ಟಿಸುತ್ತದೆ. ಫೋನಿನಲ್ಲಿ ಆದೇಶ ಕೊಟ್ಟರೆ ಬರೆದುಕೊಂಡು, ಅವರಿಗೇ ತಿರುಗಿ ಓದಿ ಹೇಳಿ.

ಕಾಲೇಜಿಗೆ ಸೇರಿದ ತಿಂಗಳೇ ಮಾಡಬೇಕಾದ್ದು ಇನ್ನೊಂದಿದೆ: ಹೆಪಟೈಟಿಸ್ ಬಿ ಲಸಿಕೆ. ರೂಢಿಯಲ್ಲಿರುವ ಮೂರು ಡೋಸು 0, 1, 6 ತಿಂಗಳಿಗೆ. ವಾರ್ಡಿನ ಪೋಸ್ಟಿಂಗ್ ಹತ್ತಿರ ಬಂದಾಗ ಶುರುಮಾಡಿದರೆ ಮೂರನೆಯದು ಬಾಕಿ ಉಳಿಯುತ್ತದೆ. ಕೊನೆಯ ಡೋಸಾಗಿ ಒಂದೆರಡು ತಿಂಗಳಿಗೆ ರಕ್ತದಲ್ಲಿ ರಕ್ಷಣೆ ಬಂದಿದೆಯೇ ಎಂದು ಪರೀಕ್ಷೆ ಮಾಡಿಸಿ. ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕಬೇಡಿ, ಸೀದಾ ಸೂಜಿ ಹಾಕುವ ಡಬ್ಬಿಗೆ. ಚುಚ್ಚಿಕೊಂಡರೆ ಹಿಂಡಬೇಡಿ; ಸೋಪು ನೀರಿನಲ್ಲಿ ತೊಳೆದು ಆಗಲೇ ವರದಿ ಮಾಡಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ 72 ಗಂಟೆಯ ಒಳಗೆ ಶುರುವಾಗಬೇಕು, ಮೊದಲ ಕೆಲವು ಗಂಟೆಗಳಲ್ಲೇ ಆದರೆ ಒಳ್ಳೆಯದು. ಬೈಸಿಕೊಳ್ಳುವ ಭಯಕ್ಕೆ ಡ್ಯೂಟಿ ಮುಗಿಯಲಿ ಎಂದು ಕಾಯಬೇಡಿ.