ಊರು ಐತಿ, ನಾ ಇಲ್ಲ

ಆಯಿ, ಅಂದರೆ ನನ್ನ ಅಜ್ಜಿ, ಸೋಮವಾರ ಆಡಿದ ಒಂದು ಮಾತು ಇನ್ನೂ ತಲೆಯಿಂದ ಹೋಗುತ್ತಿಲ್ಲ. ಊರಿನ ಮನೆಗೆ, ಮನೆಮನೆಯ ವಂಶಾವಳಿ ಬರೆದಿಟ್ಟು ಹೇಳುವ ಹೆಳವರು ಬಂದಿದ್ದರು. ಬ್ಯಾಡಗಿ ಕಡೆಯ ನಮ್ಮ ಹಳ್ಳಿಗೆ ಅವರು ಬಂದು ಎಷ್ಟೋ ವರ್ಷವಾಗಿತ್ತು. ಹಿಂದೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತಾ ಬರುತ್ತಿದ್ದರು. ಈಗ ಬೈಕಿನಲ್ಲಿ ಬಂದರು. ಪುಸ್ತಕ ಮಾತ್ರ ಹಳೆಯದೇ, ಬಟ್ಟೆಯಲ್ಲಿ ಸುತ್ತಿಟ್ಟದ್ದು.

ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂರಿಸಿದೆವು. ಅವರು ಪುಸ್ತಕ ಬಿಚ್ಚಿ ನಮ್ಮ ಮನೆತನ ಹೇಳಲು ಶುರುಮಾಡಿದರು. ಮೂಲ ಊರು ಲಕ್ಷ್ಮೇಶ್ವರದ ಕಡೆ. ಬರ ಬಿದ್ದಾಗ ಅಣ್ಣತಮ್ಮಂದಿರು ಬೇರೆ ಬೇರೆ ದಿಕ್ಕಿಗೆ ಹೋದರು. ಅವರಲ್ಲಿ ಒಬ್ಬ ಇಲ್ಲಿಗೆ ಬಂದು ನೆಲೆನಿಂತ. ಅವನ ಮಗ, ಮೊಮ್ಮಗ, ಮರಿಮಗ. ನನಗೆ ಮುತ್ತಜ್ಜನ ಹೆಸರಿನಿಂದ ಆಚೆಗೆ ಏನೂ ಗೊತ್ತಿರಲಿಲ್ಲ. ಇವರು ಏಳು ತಲೆಮಾರು ಹಿಂದಕ್ಕೆ ಹೋದರು, ಅದೂ ಹಾಡಿನ ಧಾಟಿಯಲ್ಲಿ, ಎಲ್ಲೂ ತಡವರಿಸದೆ. ನನ್ನ ಮೈ ಜುಮ್ಮೆಂದಿತು. ಆ ನೆನಪಿನ ಶಕ್ತಿಗೆ ನಾವು ಕೊಡುವ ಒಂದು ಚೀಲ ಜೋಳ, ಒಂದು ಧೋತರ, ಒಂದಿಷ್ಟು ದುಡ್ಡು ಯಾವ ಲೆಕ್ಕಕ್ಕೂ ಸಾಲದು.

ಆಗ ಬಾಗಿಲ ಹತ್ತಿರ ಕೂತಿದ್ದ ಆಯಿ ಕೇಳಿದಳು: “ಯಪ್ಪಾ, ಅದರಾಗ ನನ್ನ ಹೆಸರು ಐತೇನು?”

ಅವರು ಹಾಳೆ ತಿರುವಿದರು. ಬೆರಳಿಟ್ಟು ಹುಡುಕಿದರು. “ಬಸಪ್ಪನ ಹೆಂಡತಿ ಕರ್ಜಗಿಯಾಕಿ ಅಂತ ಐತಿ ನೋಡ್ರಿ ಯವ್ವಾ. ಹೆಸರು ಬರದಿಲ್ಲ.”

“ಊರು ಐತಿ, ನಾ ಇಲ್ಲ,” ಅಂದಳು ಆಯಿ.

ಸಿಟ್ಟಿರಲಿಲ್ಲ ಆ ದನಿಯಲ್ಲಿ. ಜೋಳ ಖಾಲಿಯಾಗಿದೆ ಎಂದು ಹೇಳುವಷ್ಟೇ ಸಲೀಸಾಗಿ ಹೇಳಿದಳು. ಅದಕ್ಕೇ ಇರಬೇಕು ನನಗೆ ಅಷ್ಟು ನೋವಾದದ್ದು. ಅರವತ್ತು ವರ್ಷಕ್ಕೂ ಜಾಸ್ತಿ ಈ ಮನೆಗೆ ದುಡಿದವಳು. ಆ ಪುಸ್ತಕದಲ್ಲಿರುವ ಎಷ್ಟೋ ಗಂಡಸರನ್ನು ತೊಡೆಯ ಮೇಲೆ ಹಾಕಿಕೊಂಡು ಎರೆದವಳು.

ಕಾಕಾ ನಕ್ಕುಬಿಟ್ಟರು. “ಹೆಣ್ಮಕ್ಕಳ ಹೆಸರು ತಗೊಂಡು ಏನ್ ಮಾಡ್ತಿ, ಬಿಡವಾ” ಅಂದರು. ನಮ್ಮ ಕಾಕಾ ಕೆಟ್ಟವರಲ್ಲ. ಆದರೆ ಅವರಿಗೆ ವಂಶ ನೆನಪಾಗುವುದು ಹೊಲದ ಉತಾರ (ಪಹಣಿ) ತೆಗೆಸುವಾಗ ಮಾತ್ರ. ಅವ್ವನ ಎದುರು ಹಾಗೆ ನಗಬಾರದಿತ್ತು.

ಹೆಳವರ ಮೇಲೆ ನನಗೇನೂ ಬೇಸರವಿಲ್ಲ. ನಮ್ಮ ಮನೆಯ ಗಂಡಸರು ಹೇಳಿದ್ದನ್ನೇ ಅವರ ಹಿರಿಯರು ಬರೆದುಕೊಂಡಿದ್ದಾರೆ. ಸರ್ಕಾರಿ ಕಾಗದದ ಕಥೆಯೂ ಬೇರೆಯಲ್ಲ. ಟ್ರಂಕಿನಿಂದ ಮುತ್ತಜ್ಜನ ಕಾಲದ ವಾರಸಾ ಕಾಗದ ತೆಗೆದು ನೋಡಿದೆ. ಗಂಡುಮಕ್ಕಳ ಹೆಸರು ಸಾಲಾಗಿ ಇವೆ. ಅವರ ಅಕ್ಕತಂಗಿಯರು ಹುಟ್ಟಿಯೇ ಇಲ್ಲವೇನೋ ಅನ್ನಬೇಕು. ಕಾಗದ ಹುಟ್ಟಿದ್ದು ಹೊಲಕ್ಕಾಗಿ. ಹೊಲದಲ್ಲಿ ಪಾಲು ಯಾರಿಗೋ ಅವರ ಹೆಸರಷ್ಟೇ ಉಳಿಯಿತು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿಯಾಗಿ, ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಬಂತು. ಈಗ ನಾಡಕಚೇರಿಗೆ ವಂಶವೃಕ್ಷಕ್ಕೆ ಅರ್ಜಿ ಹಾಕುವಾಗ ಅಕ್ಕತಂಗಿಯರ ಹೆಸರು ಬಿಟ್ಟರೆ ಮುಂದೆ ತಕರಾರು ಗ್ಯಾರಂಟಿ. ಹಾಗಾಗಿ ನನ್ನ ಮಗಳ ಹೆಸರು ಉಳಿಯುತ್ತದೆ. ಆಯಿಯ ಅವ್ವನ ಹೆಸರನ್ನು ಯಾವ ಕಾಯ್ದೆಯೂ ತಂದುಕೊಡುವುದಿಲ್ಲ. ಅದು ಇರುವುದು ಆಯಿಯ ತಲೆಯಲ್ಲಿ ಮಾತ್ರ.

ಮನೆತನದ ಇತಿಹಾಸ ಹುಡುಕಬೇಕು ಅಂತ ನನಗೆ ಬಹಳ ದಿನದಿಂದ ಆಸೆಯಿತ್ತು. ಸರ್ಕಾರಿ ಕಚೇರಿಯ ರೆಕಾರ್ಡ್ ರೂಮಿನಿಂದ ಶುರು ಮಾಡೋಣ ಅಂದುಕೊಂಡಿದ್ದೆ. ಆ ರಾತ್ರಿ ಆಯಿಯ ಮಂಚದ ಪಕ್ಕ ಕೂತು ಫೋನಿನಲ್ಲಿ ರೆಕಾರ್ಡಿಂಗ್ ಹಾಕಿದೆ.

“ನಿಮ್ಮವ್ವನ ಹೆಸರೇನು ಆಯಿ?”

“ಗಂಗವ್ವ. ಆಕಿ ಅವ್ವ ನೀಲವ್ವ. ನೀಲವ್ವ ಸವಣೂರಿನಾಕಿ.”

ಅಷ್ಟು ಸುಲಭ. ಇಷ್ಟು ವರ್ಷ ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ.

ಇಸವಿ ಕೇಳಿದರೆ ಆಯಿಗೆ ಗೊತ್ತಿಲ್ಲ. ಆಧಾರ್ ಕಾರ್ಡಿನಲ್ಲಿ ಜನವರಿ 1 ಅಂತಿದೆ, ಅದು ಸುಮ್ನೆ ಹಾಕಿದ್ದು. ಆದರೆ ಹೊಸರಿತ್ತಿಯಲ್ಲಿ ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪನವರಿಗೆ ಗುಂಡು ಬಿದ್ದಾಗ ಆಯಿ ತೊಟ್ಟಿಲಲ್ಲಿದ್ದಳು ಅಂತ ಅವಳ ಅವ್ವ ಹೇಳುತ್ತಿದ್ದಳಂತೆ. ಹೊಸರಿತ್ತಿ ಕರ್ಜಗಿಗೆ ದೂರವೇನಲ್ಲ. ಅದು ಆದದ್ದು 1943ರ ಏಪ್ರಿಲ್ 1ರಂದು. ಅಂದರೆ ಆಯಿ ಹುಟ್ಟಿದ್ದು 1942ರ ಕೊನೆಗೋ 43ರ ಶುರುವಿಗೋ. ನೀಲವ್ವ ಪ್ಲೇಗಿನ ಕಾಲದಲ್ಲಿ ಚಿಕ್ಕ ಹುಡುಗಿ. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇದ್ದದ್ದನ್ನು ಮೊಮ್ಮಗಳಿಗೆ ಹೇಳಿದ್ದಳು. ಹೀಗೆ ಒಂದೊಂದೇ ಸಂಗತಿ ಹಿಡಿದು ಹೋದರೆ ಇಸವಿ ತಾನಾಗಿ ಹತ್ತಿರ ಬರುತ್ತದೆ.

ಬೆಳಿಗ್ಗೆ ಅಟ್ಟದ ಪಾತ್ರೆಗಳನ್ನು ಕೆಳಗಿಳಿಸಿದೆವು. ಮದುವೆಯಲ್ಲಿ ಕೊಡುವ ಪಾತ್ರೆಗೆ ಹೆಸರು ಹಾಕಿಸುತ್ತಾರಲ್ವಾ? ಒಂದು ಹಿತ್ತಾಳೆ ಕೊಡದ ಕಂಠದಲ್ಲಿ “ಪಾರವ್ವ” ಅಂತಿತ್ತು. ಯಾರು ಅಂತ ಕೇಳಿದೆ. ಆಯಿಯೇ! ತವರಿನ ಹೆಸರು ಅದು. ಮದುವೆಯಲ್ಲಿ ಬದಲಿಸಿ ಶಾಂತವ್ವ ಅಂತ ಇಟ್ಟರಂತೆ. ನಾನು ಮನೆಯವರ ಬಗ್ಗೆ ಓದಿದ ಮೊದಲ ಶಾಸನ ಆ ಕೊಡ. ಅದರ ಫೋಟೋ ತೆಗೆದು, ಪಕ್ಕದಲ್ಲಿ ಆಯಿಯನ್ನು ಕೂರಿಸಿ ಇನ್ನೊಂದು ತೆಗೆದೆ.

ಕಚೇರಿಗಳಲ್ಲಿ ಕಾಗದ ಹುಡುಕುವ ಕೆಲಸವನ್ನೂ ಬಿಟ್ಟಿಲ್ಲ. ನಮ್ಮ ಸೀಮೆ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. 1997ರವರೆಗೆ ಹಾವೇರಿಯೂ ಧಾರವಾಡ ಜಿಲ್ಲೆಯೇ. ಹಾಗಾಗಿ ಹಳೆಯ ಕಾಗದಕ್ಕೆ ಧಾರವಾಡದಲ್ಲೂ ಕೇಳಬೇಕು. ತುಂಬಾ ಹಳೆಯವು ಮೋಡಿಯಲ್ಲಿ, ಅಂದರೆ ಮರಾಠಿಯ ಹಳೆಯ ಲಿಪಿಯಲ್ಲಿದ್ದರೆ ಓದಿಸಲು ಬಲ್ಲವರು ಬೇಕು. ಇಂಗ್ಲೆಂಡಿನಲ್ಲಿ ನೂರು ವರ್ಷ ಕಳೆದ ಮೇಲೆ ಜನಗಣತಿಯ ಹಾಳೆಗಳನ್ನು ಜನರಿಗೆ ತೆರೆದಿಡುತ್ತಾರೆ, ಹೆಂಗಸರು ಮಕ್ಕಳು ಎಲ್ಲರ ಹೆಸರೂ ಸಿಗುತ್ತದೆ. ನಮ್ಮಲ್ಲಿ ಮನೆಮನೆಯ ವಿವರ ಗೋಪ್ಯ, ಆ ದಾರಿ ಇಲ್ಲ. ಅದಕ್ಕೇ ಹೇಳುವುದು, ಕಾಗದ ಇನ್ನೂ ಹತ್ತು ವರ್ಷ ಕಾಯುತ್ತದೆ, ಎಂಬತ್ತು ದಾಟಿದವರು ಕಾಯುವುದಿಲ್ಲ.

ಹೊರಡುವ ಮುಂಚೆ ಹೆಳವರು ಹೊಸ ಮಕ್ಕಳ ಹೆಸರು ಕೇಳಿ ಬರೆದುಕೊಂಡಿದ್ದರು, ನನ್ನ ಮಗಳದೂ ಸೇರಿ. ಆಯಿಯದನ್ನೂ ಬರೆಯಿರಿ ಅಂದೆ. ತಕರಾರು ಮಾಡದೆ “ಶಾಂತವ್ವ” ಅಂತ ಸೇರಿಸಿದರು. ಪಾರವ್ವ ಎಂಬುದು ನನಗೆ ಗೊತ್ತಾದದ್ದು ಅವರು ಹೋದ ಮೇಲೆ. ಅವರ ಫೋನ್ ನಂಬರ್ ಇದೆ, ಮೂರೂ ಹೆಂಗಸರ ಹೆಸರು ಊರಿನ ಸಮೇತ ಕಳಿಸಿದ್ದೇನೆ. ಆಯಿ ಎರಡನೇ ಇಯತ್ತೆಯವರೆಗೆ ಶಾಲೆಗೆ ಹೋಗಿದ್ದಳಂತೆ. ಬರುವ ವಾರ ಕರ್ಜಗಿಗೆ ಹೋಗಿ ಶಾಲೆಯ ಹಳೆಯ ದಾಖಲಾತಿ ರಿಜಿಸ್ಟರ್ ಇದೆಯಾ ಅಂತ ಕೇಳಬೇಕು. ಆಯಿ ತಾನೂ ಬರುತ್ತೇನೆ ಅಂದಿದ್ದಾಳೆ. ಕಾಕಾ ಕಾರು ಕೊಡಲು ಒಪ್ಪಿದ್ದಾರೆ.